ಅಣ್ಣನಿಗೆ ಉತ್ತರ ಆಮೇಲೆ, ಮೊದಲು ಸ್ಕ್ಯಾನ್

ಪ್ರಶ್ನೆ: ನನಗೆ 30 ವರ್ಷ. ಮಗಳಿಗೆ 14 ತಿಂಗಳು, ಸಿಸೇರಿಯನ್ ಆಗಿತ್ತು. ಕಾಂಡೋಮ್ ಬಳಸುತ್ತಿದ್ದೆವು, ಆದರೂ ಮುಟ್ಟು ನಿಂತಿದೆ, ಕೊನೆಯ ಮುಟ್ಟಿನಿಂದ ಈಗ ಏಳು ವಾರ. 2022ರಲ್ಲಿ ಅಮೆರಿಕದಲ್ಲಿ ಗರ್ಭಪಾತದ ತೀರ್ಪು ಬಂದಾಗ ಫ್ಯಾಮಿಲಿ ಗ್ರೂಪಿನಲ್ಲಿ "ಮಾಡುವಾಗ ಇಲ್ಲದ ಯೋಚನೆ ಆಮೇಲೆ ಯಾಕೆ? ಜವಾಬ್ದಾರಿ ಅನ್ನೋದು ಬೇಡವಾ?" ಎಂದು ಬರೆದವಳು ನಾನೇ. ಟೆಕ್ಸಾಸ್‌ನಲ್ಲಿರುವ ಅಣ್ಣ ಭೇಷ್ ಎಂದಿದ್ದ. ಗೆಳತಿಯೊಬ್ಬಳು ಮಾತು ಬಿಟ್ಟಿದ್ದಳು. ಈಗ ಅವಳೇ "ಅದರಲ್ಲಿ ಯೋಚಿಸೋದೇನಿದೆ, ಮೆಡಿಕಲ್ ಶಾಪಿನಿಂದ ಮಾತ್ರೆ ತಂದುಕೊಡ್ತೀನಿ" ಅನ್ನುತ್ತಾಳೆ. ಅಣ್ಣನಿಗೆ ಗೊತ್ತಾದರೆ ಭ್ರೂಣಹತ್ಯೆ ಅನ್ನುತ್ತಾನೆ. ಗಂಡ "ನಿನ್ನಿಷ್ಟ" ಎಂದು ಸುಮ್ಮನಾಗಿದ್ದಾರೆ. ತೆಗೆಸಿದರೆ ನಾನು ಸೋಗಲಾಡಿ ಆಗುವುದಿಲ್ಲವೇ?
– ಹೆಸರು ಬೇಡ, ದಾವಣಗೆರೆ

ಉತ್ತರ: ಬರೆದಾಗ ಏಳು ವಾರ ಎಂದಿದ್ದೀರಿ, ಇದನ್ನು ಓದುವಾಗ ಎಂಟು ಆಗಿರಬಹುದು. ಸೋಗಲಾಡಿತನದ ಪ್ರಶ್ನೆ ಎರಡು ದಿನ ಕಾಯಲಿ. ಮೊದಲು ಸ್ತ್ರೀರೋಗ ತಜ್ಞರನ್ನು ಕಂಡು ಸ್ಕ್ಯಾನ್ ಮಾಡಿಸಿ. ಉಳಿಸಿಕೊಂಡರೂ ತೆಗೆಸಿದರೂ ಅದು ಬೇಕೇಬೇಕು. ವಾರ ಖಚಿತವಾಗುವುದಲ್ಲದೆ, ಗರ್ಭವು ಗರ್ಭಕೋಶ ಬಿಟ್ಟು ಅಂಡನಾಳದಲ್ಲಿ ಕೂತಿಲ್ಲ ಎಂಬುದೂ ಗೊತ್ತಾಗುತ್ತದೆ. ನಾಳದ ಗರ್ಭಕ್ಕೆ ಮಾತ್ರೆ ಕೆಲಸ ಮಾಡುವುದಿಲ್ಲ, ಅದು ಒಡೆದರೆ ಜೀವಕ್ಕೇ ಅಪಾಯ. ನಿಮ್ಮ ವಿಷಯದಲ್ಲಿ ಇನ್ನೊಂದು ಮಾತಿದೆ: ಹಳೆಯ ಸಿಸೇರಿಯನ್ ಹೊಲಿಗೆಯ ಜಾಗಕ್ಕೇ ಗರ್ಭ ಅಂಟಿಕೊಂಡಿದೆಯೇ ನೋಡಬೇಕು. ಇದು ಅಪರೂಪ, ಆದರೆ ಹಾಗಿದ್ದರೆ ಮಾತ್ರೆ ನುಂಗುವುದೂ ಅಪಾಯ, ಮುಂದುವರಿಸುವುದೂ ಅಪಾಯ. ಆದ್ದರಿಂದ ಸಿಸೇರಿಯನ್ ಆದ ತಿಂಗಳನ್ನು ಸ್ಕ್ಯಾನ್ ಮಾಡುವವರಿಗೆ ತಪ್ಪದೆ ಹೇಳಿ. ಪರದೆ ನೋಡಲು, ಹೃದಯ ಬಡಿತ ಕೇಳಲು ಮನಸ್ಸಿಲ್ಲದಿದ್ದರೆ ಅದನ್ನೂ ಮೊದಲೇ ಹೇಳಿಬಿಡಿ. ಜೊತೆಗೆ ಹಿಮೋಗ್ಲೋಬಿನ್ ಮತ್ತು ರಕ್ತದ ಗುಂಪಿನ ಪರೀಕ್ಷೆ ಆಗಲಿ.

ಗೆಳತಿ ತರುವ ಮಾತ್ರೆ ಬೇಡ. ಅವಳ ಕಾಳಜಿ ನಿಜ, ದಾರಿ ಸರಿಯಿಲ್ಲ. 2015ರಲ್ಲಿ ಭಾರತದಲ್ಲಿ ಸುಮಾರು 1.56 ಕೋಟಿ ಗರ್ಭಪಾತಗಳಾದವೆಂದು ಒಂದು ಅಧ್ಯಯನ ಅಂದಾಜಿಸಿತ್ತು. ಅದರಲ್ಲಿ ಮುಕ್ಕಾಲು ಪಾಲಿನಷ್ಟು ಆಸ್ಪತ್ರೆಯ ಹೊರಗೆ, ಮಾತ್ರೆಯಿಂದಲೇ ಆದದ್ದು. ಹೆಚ್ಚಿನವರಿಗೆ ತೊಂದರೆ ಆಗುವುದಿಲ್ಲ ನಿಜ. ತೊಂದರೆ ಆಗುವುದು ವಾರದ ಲೆಕ್ಕ ತಪ್ಪಿದವರಿಗೆ, ನಾಳದ ಗರ್ಭ ಇದ್ದವರಿಗೆ, ರಕ್ತಹೀನತೆ ಇದ್ದವರಿಗೆ.

ಒಂಬತ್ತು ವಾರದವರೆಗೆ, ಅಂದರೆ ಕೊನೆಯ ಮುಟ್ಟಿನ ಮೊದಲ ದಿನದಿಂದ 63 ದಿನದವರೆಗೆ, ವೈದ್ಯರ ಮೇಲ್ವಿಚಾರಣೆಯಲ್ಲಿ ಮಾತ್ರೆಯಿಂದಲೇ ಆಗುತ್ತದೆ. ಮೊದಲು 200 ಮಿಲಿಗ್ರಾಂನ ಒಂದು ಮಿಫೆಪ್ರಿಸ್ಟೋನ್, 24ರಿಂದ 48 ಗಂಟೆ ಬಿಟ್ಟು ಮಿಸೊಪ್ರೊಸ್ಟಾಲ್. ಎರಡನೆಯದರ ಪ್ರಮಾಣ, ಅದನ್ನು ಇಡುವ ಜಾಗ ಎರಡನ್ನೂ ವೈದ್ಯರು ಹೇಳುತ್ತಾರೆ. ಅದಾದ ಕೆಲವೇ ಗಂಟೆಗಳಲ್ಲಿ ಹೊಟ್ಟೆ ಹಿಂಡುತ್ತದೆ, ಮುಟ್ಟಿಗಿಂತ ಹೆಚ್ಚು ರಕ್ತ ಹೋಗುತ್ತದೆ. ಆ ದಿನ ಮನೆಯಲ್ಲಿ ಒಬ್ಬರು ಜೊತೆಗಿರಬೇಕು, ಮಗಳನ್ನು ನೋಡಿಕೊಳ್ಳಲು ಮತ್ತೊಬ್ಬರು. ಸತತ ಎರಡು ಗಂಟೆ, ಗಂಟೆಗೆ ಎರಡು ದೊಡ್ಡ ಪ್ಯಾಡ್ ಪೂರ್ತಿ ನೆನೆದರೆ ಕಾಯದೆ ಆಸ್ಪತ್ರೆಗೆ ಹೋಗಿ. 24 ಗಂಟೆ ಮೀರಿದ ಜ್ವರಕ್ಕೂ, ದುರ್ವಾಸನೆಯ ಸ್ರಾವಕ್ಕೂ ಅಷ್ಟೇ. ರಕ್ತ ಹೋಗದೇ ಇದ್ದರೂ ಮರುದಿನವೇ ವೈದ್ಯರಿಗೆ ಹೇಳಿ. ಸುಮಾರು ಎರಡು ವಾರಕ್ಕೆ ಮರುಭೇಟಿ ತಪ್ಪಿಸಬೇಡಿ, ನೂರರಲ್ಲಿ ಕೆಲವರಿಗೆ ಪೂರ್ತಿ ಆಗಿರುವುದಿಲ್ಲ. ಒಂಬತ್ತು ವಾರ ದಾಟಿದರೂ ಬಾಗಿಲು ಮುಚ್ಚುವುದಿಲ್ಲ. 12 ವಾರದವರೆಗೆ ಹೀರುನಳಿಕೆಯ ಸರಳ ವಿಧಾನವಿದೆ, ಹೆಚ್ಚಿನವರು ಅದೇ ದಿನ ಮನೆಗೆ ಹೋಗುತ್ತಾರೆ. ಆದ್ದರಿಂದ ಗಾಬರಿಯಲ್ಲಿ ನಿರ್ಧರಿಸಬೇಡಿ, ವಾದದಲ್ಲಿ ವಾರ ಕಳೆಯಲೂಬೇಡಿ.

ಇನ್ನು ಆ ಹಳೆಯ ಮೆಸೇಜು. ಅದರಲ್ಲಿ ಒಂದು ತಪ್ಪಿತ್ತು: ಬೇಡದ ಗರ್ಭ ನಿಂತಿದೆ ಎಂದರೆ ಯಾರೋ ಬೇಜವಾಬ್ದಾರಿ ಮಾಡಿದ್ದಾರೆ ಎಂಬ ಊಹೆ. ಜನ ಸಾಮಾನ್ಯವಾಗಿ ಬಳಸುವ ರೀತಿಯಲ್ಲಿ ಕಾಂಡೋಮ್ ಬಳಸಿದರೆ ವರ್ಷಕ್ಕೆ ನೂರರಲ್ಲಿ 13 ಮಂದಿಗೆ ಗರ್ಭ ನಿಲ್ಲುತ್ತದೆ. ಒಮ್ಮೆಯೂ ತಪ್ಪದೆ ಸರಿಯಾಗಿ ಬಳಸಿದರೂ ಇಬ್ಬರಿಗೆ. ಆ ಇಬ್ಬರಿಗೆ ಯಾವ ಜವಾಬ್ದಾರಿಯ ಪಾಠ ಹೇಳುತ್ತೀರಿ? ಆದರೆ ಆ ಮೆಸೇಜಿನ ಹಿಂದೆ, ಹೊಟ್ಟೆಯಲ್ಲಿರುವುದನ್ನು ಹಗುರವಾಗಿ ಕಾಣಬಾರದು ಎಂಬ ಭಾವನೆಯೂ ಇತ್ತಲ್ಲ, ಅದನ್ನು ನೀವು ಬಿಟ್ಟುಕೊಡಬೇಕಿಲ್ಲ. ಅದನ್ನು ಇಟ್ಟುಕೊಂಡೇ ಗರ್ಭ ತೆಗೆಸಿದವರೂ ಇದ್ದಾರೆ, ಮುಂದುವರಿಸಿದವರೂ ಇದ್ದಾರೆ. ತೆಗೆಸಲು ಗೆಳತಿಯ ಪಕ್ಷ ಸೇರಬೇಕಿಲ್ಲ, ಉಳಿಸಿಕೊಳ್ಳಲು ಅಣ್ಣನ ಪಕ್ಷದಲ್ಲೇ ಇರಬೇಕಿಲ್ಲ.

ಅವರಿಬ್ಬರ ಜಗಳವೂ ನಮ್ಮ ನೆಲದ್ದಲ್ಲ. ಅಮೆರಿಕದಲ್ಲಿ ಗರ್ಭಪಾತ 1973ರ ತೀರ್ಪಿನಿಂದ ಸಾಂವಿಧಾನಿಕ ಹಕ್ಕಾಯಿತು, 2022ರ ಜೂನ್ 24ರಂದು ಆ ಹಕ್ಕು ಬಿತ್ತು. ಅಣ್ಣನಿರುವ ಟೆಕ್ಸಾಸ್‌ನಲ್ಲಿ ಈಗ ಬಹುತೇಕ ಪೂರ್ಣ ನಿಷೇಧ. ಅಲ್ಲಿ ಇದು ಮತ ಕೇಳುವ ವಿಷಯ. ನಮ್ಮ ಕಾಯ್ದೆ 1971ರದು. ಕದ್ದುಮುಚ್ಚಿ ಮಾಡಿಸಿಕೊಂಡು ಸಾಯುತ್ತಿದ್ದ ಹೆಂಗಸರನ್ನು ಕಂಡು, ಸರ್ಕಾರ ನೇಮಿಸಿದ ಶಾಂತಿಲಾಲ್ ಷಾ ಸಮಿತಿಯ ಶಿಫಾರಸಿನ ಮೇಲೆ ಬಂದದ್ದು. ಇಲ್ಲಿ ಕೇಳಿದ ಕೂಡಲೇ ಸಿಗುವ ಹಕ್ಕೂ ಇಲ್ಲ, ಪೂರ್ಣ ನಿಷೇಧವೂ ಇಲ್ಲ. ಕಾನೂನಿನ ಕಾರಣ ಇರಬೇಕು, 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. ಆ ಕಾರಣಗಳಲ್ಲಿ ಗರ್ಭನಿರೋಧಕ ವಿಫಲವಾದದ್ದೂ ಒಂದು. ಅಂದರೆ ನಿಮ್ಮನ್ನು ಕೊರೆಯುತ್ತಿರುವ ಸಂಗತಿಯನ್ನೇ ಕಾಯ್ದೆ ಕಾರಣವೆಂದು ಒಪ್ಪುತ್ತದೆ. 18 ದಾಟಿದವರಿಗೆ ಸ್ವಂತ ಸಹಿ ಸಾಕು. ಗಂಡನ ಸಹಿ ಬೇಕು ಎಂದು ಆಸ್ಪತ್ರೆ ಹೇಳಿದರೆ, ಕಾನೂನು ಕೇಳದ ಷರತ್ತು ಹಾಕಬೇಡಿ ಎಂದು 2022ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ ಎಂದು ನೆನಪಿಸಿ. ನಿಮ್ಮ ವಿವರವನ್ನು ಆಸ್ಪತ್ರೆಯವರು ಕಾನೂನು ಒಪ್ಪಿದವರಿಗಲ್ಲದೆ ಬೇರಾರಿಗೂ ಕೊಡುವಂತಿಲ್ಲ, ಕೊಟ್ಟರೆ ಒಂದು ವರ್ಷದವರೆಗೆ ಜೈಲು ಆಗಬಹುದು.

ಅಣ್ಣನ ಭ್ರೂಣಹತ್ಯೆಯ ಮಾತಿಗೂ ಇದಕ್ಕೂ ಸಂಬಂಧವಿಲ್ಲ. 2023ರಲ್ಲಿ ಮಂಡ್ಯದ ಆಲೆಮನೆಯಲ್ಲಿ ಸ್ಕ್ಯಾನ್ ಮಾಡಿ ಹೆಣ್ಣೆಂದು ತಿಳಿದು ತೆಗೆಸುತ್ತಿದ್ದ ಜಾಲ ಸಿಕ್ಕಿತಲ್ಲ, ಅದು ಲಿಂಗಪತ್ತೆಯ ಅಪರಾಧ. ಏಳನೇ ವಾರದ ಸ್ಕ್ಯಾನಿನಲ್ಲಿ ಲಿಂಗ ಗೊತ್ತೇ ಆಗದು.

ಜವಾಬ್ದಾರಿ ಎಂಬುದನ್ನು ನಿಮ್ಮ ಮನೆಯೊಳಗೇ ಇಟ್ಟು ನೋಡಿ. ಹೆರಿಗೆಯಿಂದ ಮುಂದಿನ ಗರ್ಭಕ್ಕೆ ಕನಿಷ್ಠ 24 ತಿಂಗಳ ಅಂತರವಿರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಿಮಗೆ ಒಂದು ವರ್ಷದಷ್ಟೇ ಆಗಿದೆ. ಹಾಗೆಂದು ಹೆರಲೇಬಾರದು ಎಂದಲ್ಲ, ಅಂತರ ಕಡಿಮೆ ಇದ್ದೂ ಸುರಕ್ಷಿತವಾಗಿ ಹೆತ್ತವರು ಬಹಳ. ನಿಮ್ಮ ಹೊಲಿಗೆಗೆ ಅಪಾಯ ಎಷ್ಟು ಎಂದು ವೈದ್ಯರನ್ನು ನೇರವಾಗಿ ಕೇಳಿ.

ಆಮೇಲೆ ಹೀಗೆ ಮಾಡಿ. ಒಂದು ಹಾಳೆಯಲ್ಲಿ ಎರಡೂ ಕಡೆಯ ಕಾರಣ ಬರೆದು, "ಯಾರಿಗಾದರೂ ಗೊತ್ತಾದರೆ" ಎಂದು ಶುರುವಾಗುವ ಸಾಲುಗಳನ್ನೆಲ್ಲ ಹೊಡೆದುಹಾಕಿ. ಒಂದು ದಿನ ಬೆಳಗಿನಿಂದ ರಾತ್ರಿವರೆಗೆ ಉಳಿಸಿಕೊಳ್ಳುವುದೆಂದು ನಿಶ್ಚಯವಾಗಿದೆ ಎಂದುಕೊಂಡೇ ಇರಿ, ಮರುದಿನ ತೆಗೆಸುವುದೆಂದು. ಎರಡೂ ರಾತ್ರಿ ಮಲಗುವ ಮುನ್ನ ಅನ್ನಿಸಿದ್ದನ್ನು ಎರಡು ಸಾಲು ಬರೆದಿಡಿ. ಮುಂದೆ ಪಶ್ಚಾತ್ತಾಪವಾದರೆ ಎಂಬ ಭಯಕ್ಕೆ ಒಂದು ಮಾತು: ಅಮೆರಿಕದಲ್ಲಿ ಗರ್ಭ ತೆಗೆಸಿದ ಮಹಿಳೆಯರನ್ನು ಐದು ವರ್ಷ ಹಿಂಬಾಲಿಸಿದ ಅಧ್ಯಯನದಲ್ಲಿ ಬಹುಪಾಲು ಮಂದಿ ನಿರ್ಧಾರ ಸರಿಯಿತ್ತು ಎಂದೇ ಹೇಳಿದರು. ನಿರ್ಧರಿಸಲು ಒದ್ದಾಡಿದವರಿಗೆ, ಜನ ಏನೆನ್ನುತ್ತಾರೋ ಎಂದು ಅಂಜಿದವರಿಗೆ ಮೊದಮೊದಲು ಸಂಕಟ ಹೆಚ್ಚಿತ್ತು, ಬರಬರುತ್ತ ಇಳಿಯಿತು. ನೀವು ಆ ಗುಂಪಿನವರು. ಯಾವುದನ್ನೇ ಆರಿಸಿದರೂ ಕೆಲವು ವಾರ ಭಾರ ಅನ್ನಿಸಬಹುದು. ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.

ಅಣ್ಣನಿಗೆ ಏನೂ ಹೇಳಬೇಕಿಲ್ಲ. ಗ್ರೂಪಿನಲ್ಲಿ ಮತ್ತೆ ಅದೇ ಚರ್ಚೆ ಎದ್ದರೆ "ಆಗ ನಾನು ಬರೆದದ್ದು ಅವಸರದ್ದು" ಎಂದಷ್ಟು ಬರೆದರೆ ಸಾಕು, ಕಾರಣ ಕೊಡಬೇಡಿ. ಗೆಳತಿಯ ಹತ್ತಿರ ಮಾತ್ರ ಆ ಹಳೆಯ ಮಾತಿಗೆ ಕ್ಷಮೆ ಕೇಳಿ, ಅದು ಅವಳಿಗೆ ಸಲ್ಲಬೇಕಾದದ್ದು.

"ನಿನ್ನಿಷ್ಟ" ಎಂದ ಗಂಡನಿಗೆ ಈ ಪತ್ರ ತೋರಿಸಿ. ಸಹಿ ನಿಮ್ಮದು, ಅದರರ್ಥ ಓಡಾಟವೂ ನಿಮ್ಮದೇ ಎಂದಲ್ಲ. ಸ್ಕ್ಯಾನಿಗೆ ಜೊತೆಗೆ ಬರಲಿ, ಮಾತ್ರೆಯ ದಿನ ರಜೆ ಹಾಕಲಿ. ಗರ್ಭ ತೆಗೆಸಿದ ಮೇಲೆ ಹತ್ತು ದಿನದೊಳಗೇ ಅಂಡ ಬಿಡುಗಡೆಯಾಗಬಹುದು, ಮುಟ್ಟಿಗೆ ಕಾದರೆ ಮತ್ತೆ ಗರ್ಭ ನಿಂತೀತು. ಕಾಪರ್-ಟಿಯನ್ನು ಮರುಭೇಟಿಯಲ್ಲೇ ಹಾಕಿಸಬಹುದು, ಅದು ಸೋಲುವುದು ವರ್ಷಕ್ಕೆ ನೂರರಲ್ಲಿ ಒಬ್ಬರಿಗಿಂತ ಕಡಿಮೆ. ಮಕ್ಕಳು ಸಾಕು ಎಂದು ಇಬ್ಬರಿಗೂ ಅನ್ನಿಸಿದರೆ ಗಂಡಸರ ಶಸ್ತ್ರಚಿಕಿತ್ಸೆ ನಿಮ್ಮದಕ್ಕಿಂತ ಸುಲಭದ್ದು, ಅದಾದ ಮೇಲೂ ಮೂರು ತಿಂಗಳು ಕಾಂಡೋಮ್ ಬೇಕು. ಉಳಿಸಿಕೊಳ್ಳುವುದಾದರೆ ಇವತ್ತಿನಿಂದಲೇ ಫೋಲಿಕ್ ಆಸಿಡ್ ಶುರುಮಾಡಿ, 12 ವಾರದೊಳಗೆ ತಾಯಿ ಕಾರ್ಡ್ ಮಾಡಿಸಿ. ಹೆರಿಗೆಗೆ, ರಾತ್ರಿಯಲ್ಲೂ ಸಿಸೇರಿಯನ್ ಮಾಡಬಲ್ಲ, ರಕ್ತ ಸಿಗುವ ಆಸ್ಪತ್ರೆಯನ್ನೇ ಈಗಿನಿಂದ ಗೊತ್ತುಮಾಡಿಕೊಳ್ಳಿ.