ಹೃದಯ ಹಿಗ್ಗುವುದಕ್ಕೂ ಆರ್‌ಎನ್‌ಎಗೆ ಅಂಟುವ ಪ್ರೋಟೀನಿಗೂ ಏನು ಸಂಬಂಧ?

ಚಿಂತಾಮಣಿಯಿಂದ ನೀವು ಕೇಳಿರುವುದು ಇಷ್ಟು: ಅಣ್ಣನವರ ಹೃದಯ ಹಿಗ್ಗಿ ದುರ್ಬಲವಾಗಿದೆ, ವಂಶವಾಹಿ ಪರೀಕ್ಷೆಯ ವರದಿಯಲ್ಲಿ ‘ಆರ್‌ಬಿಎಂ20’ ಎಂದು ಬರೆದಿದೆ, ಅದು ಆರ್‌ಎನ್‌ಎಗೆ ಅಂಟಿಕೊಳ್ಳುವ ಪ್ರೋಟೀನ್ ಎಂದು ಎಲ್ಲೋ ಓದಿದಿರಿ. ರಕ್ತ ಪಂಪು ಮಾಡುವ ಸ್ನಾಯುವಿಗೂ ಆರ್‌ಎನ್‌ಎಗೂ ಎಲ್ಲಿಯ ನಂಟು? ನಾನು ವೈದ್ಯನಲ್ಲ, ಶಿಡ್ಲಘಟ್ಟದಲ್ಲಿ ಪದವಿ ವಿದ್ಯಾರ್ಥಿಗಳಿಗೆ ಜೀವವಿಜ್ಞಾನ ಹೇಳಿಕೊಡುವವನು. ಚಿಕಿತ್ಸೆಯ ಮಾತನ್ನು ವೈದ್ಯರಿಗೆ ಬಿಟ್ಟು, ಕೋಶದೊಳಗೆ ಏನು ನಡೆಯುತ್ತದೆ ಎಂಬುದನ್ನು ಹೇಳುತ್ತೇನೆ.

‘ಒಂದು ವಂಶವಾಹಿ, ಒಂದು ಪ್ರೋಟೀನ್’ ಎಂದು ಪಿಯುಸಿಯಲ್ಲಿ ಓದಿದ್ದನ್ನು ಮೊದಲು ಬದಿಗಿಡಿ. ಹೃದಯದ ವಿಷಯದಲ್ಲಿ ಆ ಸೂತ್ರ ದಾರಿ ತಪ್ಪಿಸುತ್ತದೆ. ಡಿಎನ್‌ಎಯಿಂದ ನಕಲಾಗಿ ಬರುವ ಆರ್‌ಎನ್‌ಎ ಹಸಿ ಸರಕು. ಅದರಲ್ಲಿ ಪ್ರೋಟೀನಿಗೆ ಬೇಕಾದ ತುಣುಕುಗಳು (ಎಕ್ಸಾನ್‌ಗಳು) ಇರುತ್ತವೆ, ನಡುನಡುವೆ ಬೇಡವಾದ ಉದ್ದುದ್ದ ಭಾಗಗಳೂ (ಇಂಟ್ರಾನ್‌ಗಳು) ಇರುತ್ತವೆ. ನಮ್ಮೂರಿನಲ್ಲಿ ರೇಷ್ಮೆ ನೂಲು ಬಿಚ್ಚುವವರು ದಪ್ಪಗಟ್ಟಿದ ಎಳೆ ಸಿಕ್ಕಾಗ ಅದನ್ನು ಕತ್ತರಿಸಿ ತೆಗೆದು, ಉಳಿದ ಎರಡು ತುದಿಗಳನ್ನು ಕೂಡಿಸಿ ಗಂಟು ಹಾಕುತ್ತಾರಲ್ಲ, ಸ್ಪ್ಲೈಸಿಂಗ್ ಎಂದರೆ ಹೆಚ್ಚುಕಡಿಮೆ ಅದೇ. ಇದನ್ನು 1977ರಲ್ಲಿ ಕಂಡುಹಿಡಿದದ್ದಕ್ಕೆ ಫಿಲಿಪ್ ಶಾರ್ಪ್ ಮತ್ತು ರಿಚರ್ಡ್ ರಾಬರ್ಟ್ಸ್ ಅವರಿಗೆ 1993ರಲ್ಲಿ ನೊಬೆಲ್ ಬಂತು. ಆದರೆ ನೂಲು ಬಿಚ್ಚುವವರಿಗೆ ಕಸ ಯಾವಾಗಲೂ ಕಸವೇ. ಕೋಶದಲ್ಲಿ ಹಾಗಲ್ಲ. ಗರ್ಭದಲ್ಲಿದ್ದಾಗ ಬೇಕಾಗಿದ್ದ ಎಕ್ಸಾನ್ ಹುಟ್ಟಿದ ಮೇಲೆ ಬೇಡವಾಗಬಹುದು, ತೊಡೆಯ ಸ್ನಾಯು ಉಳಿಸಿಕೊಳ್ಳುವ ತುಣುಕನ್ನು ಹೃದಯ ಬಿಟ್ಟುಬಿಡಬಹುದು. ಕತ್ತರಿಸುವ ಯಂತ್ರ ಎಲ್ಲ ಕೋಶಗಳಲ್ಲೂ ಒಂದೇ. ಎಲ್ಲಿ ಕತ್ತರಿಸಬೇಕು, ಯಾವುದನ್ನು ಬಿಡಬೇಕು ಎಂದು ಅದಕ್ಕೆ ದಾರಿ ತೋರಿಸುವವು ಆರ್‌ಎನ್‌ಎಗೆ ಅಂಟುವ ಪ್ರೋಟೀನ್‌ಗಳು. ಆರ್‌ಬಿಎಂ20 ಅವುಗಳಲ್ಲಿ ಒಂದು, ಅದೂ ಮುಖ್ಯವಾಗಿ ಹೃದಯದ ಸ್ನಾಯುವಿನಲ್ಲಿ ಕೆಲಸ ಮಾಡುವಂಥದ್ದು.

ಅದರ ಅತಿ ದೊಡ್ಡ ಗಿರಾಕಿ ಟೈಟಿನ್. ಮನುಷ್ಯನ ದೇಹದ ಅತ್ಯಂತ ದೊಡ್ಡ ಪ್ರೋಟೀನ್ ಇದೇ. ಇದರ ವಂಶವಾಹಿಯಲ್ಲಿ 363 ಎಕ್ಸಾನ್‌ಗಳಿವೆ. ಪ್ರತಿ ಬಡಿತದಲ್ಲೂ ಸ್ನಾಯುವಿನ ಎಳೆ ಹಿಗ್ಗಿ ಮತ್ತೆ ತನ್ನ ಅಳತೆಗೆ ಬರುವುದು ಬಹುಮಟ್ಟಿಗೆ ಟೈಟಿನ್‌ನ ಬಿಗಿಯಿಂದ. ಭ್ರೂಣದ ಹೃದಯದಲ್ಲಿ ಉದ್ದನೆಯ, ಸಡಿಲ ಟೈಟಿನ್ ಇರುತ್ತದೆ. ಹುಟ್ಟಿದ ಮೇಲೆ ನಡುವಿನ ಅನೇಕ ಎಕ್ಸಾನ್‌ಗಳನ್ನು ಕೈಬಿಟ್ಟು, ಗಿಡ್ಡನೆಯ ಬಿಗಿ ರೂಪವೇ ಹೆಚ್ಚಾಗುತ್ತದೆ. ಹಾಗೆ ಕೈಬಿಡಿಸುವುದು ಆರ್‌ಬಿಎಂ20. ಇಂಟ್ರಾನ್‌ಗಳಲ್ಲಿ ಯು-ಸಿ-ಯು-ಯು ಎಂಬ ಆರ್‌ಎನ್‌ಎ ಅಕ್ಷರಗಳ ಸಾಲು ಕಂಡಲ್ಲಿ ಹೋಗಿ ಕೂರುತ್ತದೆ, ಪಕ್ಕದ ಎಕ್ಸಾನ್ ಅಂತಿಮ ಆರ್‌ಎನ್‌ಎಗೆ ಸೇರದಂತೆ ತಡೆಯುತ್ತದೆ. ಅದು ಇಲ್ಲದಿದ್ದರೆ ಬಿಡಬೇಕಾದ ಎಕ್ಸಾನ್‌ಗಳು ಉಳಿದು, ಟೈಟಿನ್ ಬೃಹತ್ತಾಗಿ, ಸಡಿಲವಾಗಿ ತಯಾರಾಗುತ್ತದೆ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಇಂಥ ದೈತ್ಯ ಟೈಟಿನ್ ಇದ್ದ ಇಲಿಗಳ ತಳಿಯೊಂದು ಸಿಕ್ಕಿತ್ತು. ಅವುಗಳಲ್ಲಿ ಆರ್‌ಬಿಎಂ20 ವಂಶವಾಹಿಯ ದೊಡ್ಡ ಭಾಗವೇ ಇಲ್ಲ ಎಂಬುದು 2012ರಲ್ಲಿ ಪ್ರಕಟವಾಯಿತು. ಮನುಷ್ಯರ ಕುಟುಂಬಗಳಲ್ಲಿ ಈ ವಂಶವಾಹಿಗೂ ಹೃದಯ ಹಿಗ್ಗುವ ಕಾಯಿಲೆಗೂ ಇರುವ ನಂಟು ಅದಕ್ಕೂ ಮೊದಲೇ, 2009ರಲ್ಲಿ ತಿಳಿದಿತ್ತು.

ಇಷ್ಟೇ ಆಗಿದ್ದರೆ ಕಥೆ ಸರಳ. ಆದರೆ ಆರ್‌ಬಿಎಂ20 ಟೈಟಿನ್ ಒಂದನ್ನೇ ನೋಡಿಕೊಳ್ಳುವುದಿಲ್ಲ. ಕೋಶದೊಳಗಿನ ಕ್ಯಾಲ್ಸಿಯಂ ಸಂಚಾರವನ್ನು ನಿಭಾಯಿಸುವ ಪ್ರೋಟೀನ್‌ಗಳ ಆರ್‌ಎನ್‌ಎಗಳೂ ಅದರ ಕೈಯಲ್ಲಿವೆ: ಕ್ಯಾಮ್‌ಕೈನೇಸ್ ಡೆಲ್ಟಾ, ರೈಯನೊಡಿನ್ ಗ್ರಾಹಕ, ಕ್ಯಾಲ್ಸಿಯಂ ಕಾಲುವೆ. ಪ್ರತಿ ಬಡಿತಕ್ಕೂ ಆಜ್ಞೆ ಕ್ಯಾಲ್ಸಿಯಂನದು. ಈ ಪ್ರೋಟೀನ್‌ಗಳ ರೂಪಗಳು ಅದಲುಬದಲಾದರೆ ಬಡಿತದ ಲಯ ಕೆಡುತ್ತದೆ. ಟೈಟಿನ್ ದೋಷಕ್ಕಿಂತ ಆರ್‌ಬಿಎಂ20 ದೋಷದಲ್ಲಿ ಅಪಾಯಕಾರಿ ಲಯದೋಷ ಹೆಚ್ಚು ಕಾಡುವುದಕ್ಕೆ ಇದೊಂದು ಕಾರಣವೆಂದು ಸಂಶೋಧಕರು ನೋಡುತ್ತಾರೆ. ಹಾಗಾಗಿ ಅಣ್ಣನವರ ವೈದ್ಯರು ಎಕೋ ಜೊತೆಗೆ ಹೋಲ್ಟರ್ ಪರೀಕ್ಷೆಗೂ (ಬಡಿತದ ಲಯವನ್ನು ದಿನವಿಡೀ ದಾಖಲಿಸುವುದು) ಒತ್ತು ಕೊಟ್ಟರೆ, ಅಥವಾ ಎದೆಯಲ್ಲಿ ಐಸಿಡಿ (ಲಯ ಕೆಟ್ಟಾಗ ವಿದ್ಯುತ್ ಆಘಾತ ಕೊಟ್ಟು ಸರಿಪಡಿಸುವ ಸಾಧನ) ಅಳವಡಿಸುವ ಮಾತೆತ್ತಿದರೆ, ದುಡ್ಡಿಗಾಗಿ ಹೇಳುತ್ತಿದ್ದಾರೆ ಎಂದು ತಕ್ಷಣ ಅನುಮಾನಿಸಬೇಡಿ.

ನನಗೆ ಅತ್ಯಂತ ಕುತೂಹಲ ಹುಟ್ಟಿಸುವ ಭಾಗ ಇನ್ನೊಂದಿದೆ. ಈ ಪ್ರೋಟೀನಿನ 634ರಿಂದ 638ರವರೆಗಿನ ಐದು ಅಮೈನೋ ಆಮ್ಲಗಳ (ಪ್ರೋಟೀನಿನ ಸರದಲ್ಲಿ ಪೋಣಿಸಿದ ಮಣಿಗಳು) ಪುಟ್ಟ ಜಾಗದಲ್ಲಿ ಕಾಯಿಲೆ ತರುವ ಬದಲಾವಣೆಗಳು ಗುಂಪುಗೂಡಿವೆ. ಅಲ್ಲಿ ಒಂದು ಅಮೈನೋ ಆಮ್ಲ ಬದಲಾದರೂ ಆರ್‌ಬಿಎಂ20 ಕೋಶಕೇಂದ್ರದೊಳಗೆ ಸರಿಯಾಗಿ ಸೇರದೆ ಹೊರಗಿನ ಕೋಶದ್ರವ್ಯದಲ್ಲಿ ಹರಳುಹರಳಾಗಿ ಗುಡ್ಡೆ ಬೀಳುತ್ತದೆ. ಸ್ಪ್ಲೈಸಿಂಗ್ ನಡೆಯುವುದು ಕೋಶಕೇಂದ್ರದಲ್ಲಿ. ಅಂದರೆ ಕೆಲಸದ ಜಾಗದಲ್ಲಿ ಆಳಿಲ್ಲ, ಹೊರಗೆ ಕೂತಿರುವ ಆಳು ಬೇರೆ ತೊಂದರೆ ಮಾಡುತ್ತಾನೆ. 636ನೇ ಸ್ಥಾನ ತಿದ್ದಿದ ಹಂದಿಗಳಲ್ಲಿ ಈ ಗುಡ್ಡೆಗಳನ್ನು 2020ರಲ್ಲಿ ತೋರಿಸಿದರು. ಪ್ರೋಟೀನ್ ಪೂರ್ತಿ ಇಲ್ಲದ ಇಲಿಗಿಂತ, ತಪ್ಪು ಜಾಗದಲ್ಲಿ ಗುಡ್ಡೆ ಬಿದ್ದಿರುವ ಇಲಿಯ ಹೃದಯ ಹೆಚ್ಚು ಹದಗೆಡುವುದನ್ನೂ ಕಂಡಿದ್ದಾರೆ. ‘ಕಡಿಮೆಯಾಗಿದೆ, ತುಂಬಿದರಾಯಿತು’ ಎನ್ನುವ ಟಾನಿಕ್ ತರ್ಕ ಇಲ್ಲಿ ನಡೆಯುವುದಿಲ್ಲ. ಯಾರಾದರೂ ‘ಆರ್‌ಎನ್‌ಎ ಪುಷ್ಟಿ’ಯ ಪುಡಿ ಮಾರಲು ಬಂದರೆ ಬಾಗಿಲಲ್ಲೇ ಕಳುಹಿಸಿ.

ಇಂಥ ಪ್ರೋಟೀನ್ ಒತ್ತೆಯಾಳಾಗುವುದೂ ಉಂಟು. ಮಯೋಟೋನಿಕ್ ಡಿಸ್ಟ್ರೋಫಿ ಎಂಬ ಸ್ನಾಯುರೋಗದಲ್ಲಿ ಡಿಎಂಪಿಕೆ ಎಂಬ ವಂಶವಾಹಿಯ ಆರ್‌ಎನ್‌ಎಯಲ್ಲಿ ಸಿ-ಯು-ಜಿ ಅಕ್ಷರಗಳು ನೂರಾರು ಬಾರಿ ಮರುಕಳಿಸುತ್ತವೆ. ಆರ್‌ಎನ್‌ಎಗೆ ಅಂಟುವ ಎಂಬಿಎನ್‌ಎಲ್1 ಎಂಬ ಇನ್ನೊಂದು ಪ್ರೋಟೀನ್ ಅಲ್ಲೇ ಸಿಕ್ಕಿಬಿದ್ದು ಬೇರೆ ಕೆಲಸಕ್ಕೆ ಸಿಗುವುದಿಲ್ಲ. ಆಗ ಹೃದಯದ ಸೋಡಿಯಂ ಕಾಲುವೆ ಬೆಳೆದವರಲ್ಲೂ ಭ್ರೂಣದ ರೂಪದಲ್ಲೇ ತಯಾರಾಗುತ್ತದೆ, ವಿದ್ಯುತ್ ಸಂಕೇತ ನಿಧಾನವಾಗುತ್ತದೆ.

ಮದ್ದಿನ ಬಗ್ಗೆ: ಇಲಿಗಳ ಆರ್‌ಬಿಎಂ20 ವಂಶವಾಹಿಯಲ್ಲಿ ತಪ್ಪಿದ ಒಂದೇ ಅಕ್ಷರವನ್ನು ತಿದ್ದುವ ಪ್ರಯೋಗ 2022ರಲ್ಲಿ ಫಲ ಕೊಟ್ಟಿದೆ. ಅದನ್ನು ನಂಬಿ ಈಗಿನ ಮಾತ್ರೆಗಳನ್ನು ನಿಲ್ಲಿಸಬಾರದು.

ಒಂದು ಮುಖ್ಯ ಕೆಲಸ ನಿಮ್ಮದೇ. ಈ ದೋಷ ತಂದೆ ಅಥವಾ ತಾಯಿ, ಒಬ್ಬರಿಂದ ಬಂದರೂ ಸಾಕು. ಅಣ್ಣನವರಲ್ಲಿರುವುದು ನಿಜಕ್ಕೂ ಕಾಯಿಲೆ ತರುವ ಬದಲಾವಣೆಯಾಗಿದ್ದರೆ ಅವರ ಪ್ರತಿಯೊಂದು ಮಗುವಿಗೂ ಅದು ಬರುವ ಸಾಧ್ಯತೆ ಅರ್ಧಕ್ಕರ್ಧ. ನಿಮಗೂ ಇರಬಹುದು. ಉಸಿರು ಕಟ್ಟುವವರೆಗೆ ಕಾಯದೆ ನೀವೂ ಇಸಿಜಿ, ಎಕೋ ಮಾಡಿಸಿಕೊಳ್ಳಿ. ವರದಿಯಲ್ಲಿ ‘ರೋಗಕಾರಕ’ ಎಂದಿದೆಯೋ ‘ಮಹತ್ವ ಖಚಿತವಿಲ್ಲ’ ಎಂದಿದೆಯೋ ನೋಡಿ. ಎರಡನೆಯದಾದರೆ ಮನೆಯವರೆಲ್ಲ ಹೆದರಿ ಪರೀಕ್ಷೆಗೆ ರಕ್ತ ಕೊಡಲು ಓಡುವ ಮೊದಲು ಜೆನೆಟಿಕ್ ಕೌನ್ಸೆಲರ್ ಒಬ್ಬರನ್ನು ಕಾಣಬೇಕು. ಅಮೈನೋ ಆಮ್ಲದ ಸಂಖ್ಯೆಯೂ ಆ ವರದಿಯಲ್ಲೇ ಇರುತ್ತದೆ. ಅಣ್ಣನವರ ಹೆಸರು, ಆಸ್ಪತ್ರೆಯ ಹೆಸರು ಯಾವುದೂ ಬೇಡ, ಆ ಸಂಖ್ಯೆಯನ್ನಷ್ಟೇ ಇಲ್ಲಿ ಬರೆಯಿರಿ. ಅದು ಪ್ರೋಟೀನಿನ ಯಾವ ಭಾಗದಲ್ಲಿ ಬರುತ್ತದೆ ಎಂದು ನೋಡಿ ಹೇಳುತ್ತೇನೆ.