ಮೈನ್‌ಕ್ರಾಫ್ಟ್‌ನಲ್ಲಿ ಬೇಡಿಕೆ, ಬೆಲೆ: ನಿಮ್ಮ ಪ್ರಶ್ನೆಗೆ

ಒಂಬತ್ತು ವರ್ಷದ ಮಗಳಿಗೆ ಬೇಡಿಕೆ, ಬೆಲೆ ಎಲ್ಲ ಮೈನ್‌ಕ್ರಾಫ್ಟ್ ಅನ್ನೋ ವಿಡಿಯೋ ಗೇಮ್ ಆಡುತ್ತಲೇ ಹೇಳಿಕೊಡಬಹುದಾ ಅಂತ ಕೇಳಿದ್ದೀರಿ. ಖಂಡಿತ ಆಗುತ್ತೆ, ಆದರೆ ನೀವೂ ಜೊತೆಗೆ ಕೂತು ಆಡಬೇಕು.

ಆಟದೊಳಗೆ ಹಳ್ಳಿಗರು ಅನ್ನೋ ಪಾತ್ರಗಳಿವೆ, ಅವರ ಜೊತೆ ವ್ಯಾಪಾರಕ್ಕೆ ಪಚ್ಚೆ ಕಲ್ಲೇ ದುಡ್ಡು. ಒಬ್ಬನ ಹತ್ತಿರ ಒಂದೇ ವಸ್ತುವನ್ನು ಮೇಲಿಂದ ಮೇಲೆ ಕೊಂಡರೆ ಅವನ ದಾಸ್ತಾನು ಮುಗಿಯುತ್ತೆ. ಮತ್ತೆ ತುಂಬಿಕೊಂಡಾಗ ಬೆಲೆ ಏರಿರುತ್ತೆ. "ಯಾಕೆ ಜಾಸ್ತಿ ಆಯ್ತು?" ಅಂತ ಮಗಳನ್ನೇ ಕೇಳಿ, ಆಮೇಲೆ ದಯವಿಟ್ಟು ಸುಮ್ಮನಿರಿ. ನಾವು ದೊಡ್ಡವರು ಉತ್ತರ ಹೇಳಿಬಿಡೋಕೆ ತುಂಬಾ ಆತುರಪಡ್ತೀವಿ.

ಇನ್ನೊಂದು, ವಜ್ರ. ಆಟದಲ್ಲಿ ವಜ್ರದ ಪಿಕಾಸಿ ಮಾಡೋಕೆ 3 ವಜ್ರ ಬೇಕು, ಕತ್ತಿಗೆ 2. ಕೈಯಲ್ಲಿ ಮೂರೇ ಇದ್ದಾಗ ಯಾವುದನ್ನು ಬಿಡೋದು ಅಂತ ಇಬ್ಬರೂ ವಾದ ಮಾಡಿ. ಬಿಟ್ಟದ್ದೇ ಆಯ್ಕೆಯ ನಿಜವಾದ ಬೆಲೆ ಅನ್ನೋದು ಅವಳಿಗೇ ಹೊಳೆಯುತ್ತೆ.