ರಾಜೀನಾಮೆ ಬರೆದು ಕೊಡಿ ಅಂತಿದ್ದಾರೆ, ಕೊಡ್ಬೇಕಾ?

ಪ್ರಶ್ನೆ: ಬೈಕಂಪಾಡಿಯ ಒಂದು ಫ್ಯಾಕ್ಟರಿಯ ಪ್ಯಾಕಿಂಗ್ ಸೆಕ್ಷನ್‌ನಲ್ಲಿ 8 ವರ್ಷ 7 ತಿಂಗಳಿಂದ ಕೆಲಸದಲ್ಲಿದ್ದೇನೆ. ಒಟ್ಟು ಸಂಬಳ 18,000, ಅದ್ರಲ್ಲಿ ಬೇಸಿಕ್ ಮತ್ತು ಡಿಎ ಸೇರಿ 13,000. ಆರ್ಡರ್ ಇಲ್ಲ ಅಂತ ನಮ್ಮ ಸೆಕ್ಷನ್ ಮುಚ್ತಾ ಇದ್ದಾರೆ. ರಾಜೀನಾಮೆ ಬರೆದು ಕೊಟ್ರೆ ಸೆಟಲ್‌ಮೆಂಟ್ ಬೇಗ ಮಾಡ್ತೇವೆ ಅಂತ ಎಚ್‌ಆರ್‌ನವರು ಹೇಳ್ತಿದ್ದಾರೆ. ಮಕ್ಕಳು ಸಣ್ಣವರು, ಎಂತ ಮಾಡುದು ಹೇಳಿ.
- ಓದುಗರು, ಸುರತ್ಕಲ್

ಉತ್ತರ: ಕೊಡ್ಬೇಡಿ. ಮಂಡೆ ಬಿಸಿ ಇರುವಾಗ ಯಾವ ಕಾಗದಕ್ಕೂ ಸೈನ್ ಹಾಕ್ಬೇಡಿ, ಮನೆಗೆ ತಂದು ಓದಿ ನೋಡ್ತೇನೆ ಅಂತ ಹೇಳಿ ಬನ್ನಿ. ನೀವಾಗಿ ಬಿಟ್ರಿ ಅಂತ ದಾಖಲೆ ಆಯ್ತೋ, ಅವರು ತೆಗೆದ್ರು ಅಂತ ಆಯ್ತೋ, ಮುಂದಿನದ್ದೆಲ್ಲ ಅದರ ಮೇಲೆಯೇ ನಿಂತಿರುದು.

ಕಂಪನಿಯೇ ಕೆಲಸದಿಂದ ತೆಗೆದ್ರೆ ಒಂದು ತಿಂಗಳ ನೋಟಿಸ್ ಕೊಡ್ಬೇಕು, ಇಲ್ಲದಿದ್ರೆ ಆ ತಿಂಗಳ ಸಂಬಳ ಕೊಡ್ಬೇಕು, ಅದರ ಮೇಲೆ ವರ್ಷಕ್ಕೆ 15 ದಿನದ ಸಂಬಳದ ಲೆಕ್ಕದಲ್ಲಿ ಪರಿಹಾರ, ಕೊನೆಗೆ ಉಳಿದದ್ದು 6 ತಿಂಗಳಿಗಿಂತ ಜಾಸ್ತಿ ಇದ್ರೆ ಅದೂ ಪೂರ್ತಿ ವರ್ಷವೇ, ಅಂದ್ರೆ ನಿಮ್ಮದು 9 ವರ್ಷ. ಇದು 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲೂ ಇತ್ತು, 2025ರ ನವೆಂಬರ್ 21ಕ್ಕೆ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲೂ ಉಂಟು. ಬರೀ ಬೇಸಿಕ್ ಮತ್ತು ಡಿಎ ಮೇಲೆ ಲೆಕ್ಕ ಹಿಡಿದ್ರೂ 15 ದಿನಕ್ಕೆ 6,500, ಅದನ್ನು 9ರಿಂದ ಗುಣಿಸಿ, 58,500 ಆಯ್ತು. ನೋಟಿಸ್ ಸಂಬಳ ಬೇರೆ. ಹೊಸ ಸಂಹಿತೆಯಲ್ಲಿ ಇನ್ನೊಂದು 15 ದಿನದ ಸಂಬಳ ಮರುತರಬೇತಿ ನಿಧಿಯಿಂದ 45 ದಿನದೊಳಗೆ ನಿಮ್ಮ ಖಾತೆಗೆ ಬರ್ಬೇಕು ಅಂತಲೂ ಬರೆದಿದ್ದಾರೆ. ರಾಜೀನಾಮೆ ಕೊಟ್ರೆ ಇಷ್ಟೂ ಹೋಯ್ತು.

ಗ್ರಾಚ್ಯುಟಿ, ಅಂದ್ರೆ ವರ್ಷಗಟ್ಟಲೆ ದುಡಿದದ್ದಕ್ಕೆ ಕೆಲಸ ಬಿಡುವಾಗ ಸಿಗುವ ದುಡ್ಡು, ಅದು ಮಾತ್ರ 5 ವರ್ಷ ದಾಟಿದ್ದರಿಂದ ಹೇಗೆ ಬಿಟ್ರೂ ಸಿಗ್ತದೆ. ಇದಕ್ಕೆ ತಿಂಗಳಿಗೆ 26 ಕೆಲಸದ ದಿನದ ಲೆಕ್ಕ, 13,000ನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿದ್ರೆ 7,500, 9 ವರ್ಷಕ್ಕೆ 67,500. ಇದನ್ನು 30 ದಿನದೊಳಗೆ ಕೊಡ್ಬೇಕು. ಇದನ್ನೇ ತೋರಿಸಿ "ಇಷ್ಟು ಕೊಡ್ತಿದ್ದೇವಲ್ಲ" ಅಂತ ಹೇಳಿದ್ರೆ ನಂಬ್ಬೇಡಿ, ಅದು ಅವರು ಉಪಕಾರಕ್ಕೆ ಕೊಡುದಲ್ಲ, ನಿಮ್ಮದೇ ದುಡ್ಡು. ಬೇಗ ಸೆಟಲ್‌ಮೆಂಟ್ ಅನ್ನುವ ಆಸೆಗೂ ಬೀಳ್ಬೇಡಿ, ಬಾಕಿ ಸಂಬಳವನ್ನು ಎರಡು ಕೆಲಸದ ದಿನದೊಳಗೆ ಕೊಡ್ಬೇಕು ಅಂತ ಕಾನೂನೇ ಹೇಳ್ತದೆ.

ಈಗ ಇಎಸ್‌ಐ, ಅಂದ್ರೆ ಕಾರ್ಮಿಕರ ವಿಮೆ. ಇದು ತುಂಬ ಜನರಿಗೆ ಗೊತ್ತೇ ಇಲ್ಲ, ನಂಗೆ ಬೇಜಾರಾಗುದು ಅದಕ್ಕೇ, ವರ್ಷಗಟ್ಟಲೆ ಸಂಬಳದಿಂದ ಹಿಡಿಸಿಕೊಂಡವರು ಕಾರ್ಡ್ ಇರುದು ಆಸ್ಪತ್ರೆಗೆ ಮಾತ್ರ ಅಂದುಕೊಂಡು ಬಿಡ್ತಾರೆ. ನಿಮ್ಮ ಸಂಬಳ 21,000ದ ಒಳಗೆ ಇರುದರಿಂದ ಇಎಸ್‌ಐ ಕಟ್ ಆಗ್ತಾ ಇರ್ಬೇಕು, ಸ್ಲಿಪ್ ನೋಡಿ. ರಾಜೀವ್ ಗಾಂಧಿ ಶ್ರಮಿಕ್ ಕಲ್ಯಾಣ್ ಯೋಜನೆಯಲ್ಲಿ, ಕಂಪನಿ ಮುಚ್ಚಿ ಅಥವಾ ಕಂಪನಿಯೇ ತೆಗೆದು ಕೆಲಸ ಹೋದವರಿಗೆ ಮೊದಲ 12 ತಿಂಗಳು ಸರಾಸರಿ ಸಂಬಳದ ಅರ್ಧ, ಆಮೇಲಿನ 12 ತಿಂಗಳು ಕಾಲು ಭಾಗ ಭತ್ಯೆ ಉಂಟು, ಆ ಸಮಯದಲ್ಲಿ ಮನೆಯವರಿಗೆ ಚಿಕಿತ್ಸೆಯೂ ಉಂಟು. ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆ ಅಂತ ಇನ್ನೊಂದು, ಜೀವನದಲ್ಲಿ ಒಂದು ಸಲ 90 ದಿನದವರೆಗೆ ಅರ್ಧ ಸಂಬಳ, ಆದ್ರೆ ಅದನ್ನು ಅವಧಿ ಹಾಕಿ ವಿಸ್ತರಿಸ್ತಾ ಬರುದು, ಹಾಗಾಗಿ ಇಎಸ್‌ಐ ಶಾಖಾ ಕಚೇರಿಯಲ್ಲಿ ಈಗ ಯಾವುದು ನಿಮಗೆ ಹೊಂದ್ತದೆ ಅಂತ ಕೇಳಿಯೇ ಅರ್ಜಿ ಹಾಕಿ.

ಅಪಾಯಿಂಟ್‌ಮೆಂಟ್ ಲೆಟರ್, ಸ್ಲಿಪ್‌ಗಳು, ಎಚ್‌ಆರ್ ಕಳಿಸಿದ ವಾಟ್ಸಾಪ್ ಮೆಸೇಜ್, ಎಲ್ಲ ತೆಗೆದಿಡಿ. ನಿಮ್ಮ ಸೆಕ್ಷನ್‌ನಲ್ಲಿ ಯಾರಾದ್ರೂ ಈಗಾಗಲೇ ಸೈನ್ ಹಾಕಿದ್ರೆ ಒತ್ತಾಯದಿಂದ ಹಾಕಿಸಿದ್ದು ಅಂತ ಇವತ್ತೇ ಬರೆದು ರಿಜಿಸ್ಟರ್ಡ್ ಪೋಸ್ಟ್ ಮಾಡ್ಲಿ, ಒಂದು ಪ್ರತಿ ಕಾರ್ಮಿಕ ಅಧಿಕಾರಿಗೆ. ವಕೀಲರ ಫೀಸ್‌ಗೆ ಹೆದರ್ಬೇಡಿ, ಕಾರ್ಖಾನೆ ಕಾರ್ಮಿಕರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ವಕೀಲರು ಸಿಗ್ತಾರೆ, ಆದಾಯ ಎಷ್ಟು ಅಂತ ನೋಡುದಿಲ್ಲ.

ಪ್ರಶ್ನೆ: ಮಣಿಪಾಲದಲ್ಲಿ ಸಾಫ್ಟ್‌ವೇರ್ ಕೆಲಸ ಇತ್ತು, 3 ವರ್ಷ ಆಗಿತ್ತು, ಮುಂದಿನ ತಿಂಗಳು ಕೊನೆ. ಅಮ್ಮನಿಗೆ ಡಯಾಲಿಸಿಸ್ ನಡೀತಾ ಉಂಟು, ಕಂಪನಿ ಇನ್ಶೂರೆನ್ಸ್‌ನಲ್ಲಿ. ಪಿಎಫ್ ತೆಗೆದ್ರೆ ಆಗ್ತದಾ?
- ಓದುಗರು, ಉಡುಪಿ

ಉತ್ತರ: ಪಿಎಫ್ ಆಮೇಲೆ, ಮೊದಲು ಅಮ್ಮನ ಇನ್ಶೂರೆನ್ಸ್. ಗ್ರೂಪ್ ಪಾಲಿಸಿ ಸಾಮಾನ್ಯವಾಗಿ ಕೊನೆಯ ಕೆಲಸದ ದಿನಕ್ಕೇ ಮುಗೀತದೆ. ಅದೇ ಇನ್ಶೂರೆನ್ಸ್ ಕಂಪನಿಯ ಸ್ವಂತ ಪಾಲಿಸಿಗೆ ಬದಲಾಯಿಸಿಕೊಳ್ಳಲು ಅವಕಾಶ ಉಂಟು, ಈವರೆಗೆ ಕಳೆದ ವೇಟಿಂಗ್ ಪೀರಿಯಡ್ (ಮೊದಲೇ ಇದ್ದ ಕಾಯಿಲೆಗೆ ಕ್ಲೇಮ್ ಸಿಗದೆ ಕಾಯ್ಬೇಕಾದ ಅವಧಿ) ಲೆಕ್ಕಕ್ಕೆ ಬರ್ತದೆ. ಒಮ್ಮೆ ಕವರ್ ತಪ್ಪಿದ ಮೇಲೆ ಕಿಡ್ನಿ ರೋಗಿಗೆ ಹೊಸ ಪಾಲಿಸಿ ಸಿಗುದು ತುಂಬ ಕಷ್ಟ, ಹಾಗಾಗಿ ಈ ವಾರವೇ ಎಚ್‌ಆರ್‌ಗೂ ಇನ್ಶೂರೆನ್ಸ್‌ನವರಿಗೂ ಮೇಲ್ ಹಾಕಿ.

ಪಿಎಫ್ ತೆಗೀಬಹುದು, ಆದ್ರೆ 5 ವರ್ಷ ಸರ್ವಿಸ್ ಆಗದೆ ತೆಗೆದ್ರೆ ಸಾಮಾನ್ಯವಾಗಿ ಟ್ಯಾಕ್ಸ್ ಬೀಳ್ತದೆ, ಬೇರೆ ದಾರಿ ಇದ್ರೆ ಮುಟ್ಬೇಡಿ. ಹೋಮ್ ಲೋನ್ ಇದ್ರೆ ಇಎಂಐ ತಪ್ಪುವ ಮೊದಲೇ ಬ್ಯಾಂಕಿಗೆ ಹೋಗಿ ಮಾತಾಡಿ, ತಪ್ಪಿದ ಮೇಲೆ ಹೋದ್ರೆ ಮಾತೇ ಬೇರೆ ಆಗ್ತದೆ.

ಪ್ರಶ್ನೆ: ಕೆಲಸ ಹೋದವರಿಗೆ ಯುವನಿಧಿ ಸಿಗ್ತದಾ?
- ಓದುಗರು, ಬ್ರಹ್ಮಾವರ

ಉತ್ತರ: ಇಲ್ಲ. ಅದು ಡಿಗ್ರಿ, ಡಿಪ್ಲೊಮಾ ಮುಗಿಸಿ 180 ದಿನ ಆದ್ರೂ ಕೆಲಸ ಸಿಗದವರಿಗೆ. ನಿಮ್ಮದು ಇಎಸ್‌ಐ ಕಟ್ ಆಗ್ತಿದ್ದ ಕೆಲಸ ಆದ್ರೆ ಮೇಲಿನ ಸುರತ್ಕಲ್‌ನವರಿಗೆ ಬರೆದದ್ದು ನೋಡಿ.